ಕಾಲಲ್ಲಿ ಮೂಗು

ಸಲಾಲಾದ ಹಾಫಾ ಸೂಕಿನ ಈ ಅತ್ತರಿನ ಅಂಗಡಿಯಲ್ಲಿ
ನನ್ನ ಮೂಗು ಸತ್ತು ಹದಿನಾಲ್ಕು ತಿಂಗಳು.
ಧಣಿ ಖಲ್ಫಾನರಿಗೆ ಹೇಳಿಲ್ಲ.
ಐತಪ್ಪನಿಗೆ ಗೊತ್ತು: ಒಂದು ರಾತ್ರಿ ಸಾರು ತಳ ಹಿಡಿದು
ಕೋಣೆಯೆಲ್ಲ ಕಮಟು, ನಾನು ಬೆನ್ನು ಹಾಕಿ ಕೂತು
ಉಗುರು ಕತ್ತರಿಸುತ್ತಿದ್ದೆ.

ಜ್ವರ ಬಂತು, ಹೋಯಿತು. ಹೋಗುವಾಗ ಕೊಂಡೊಯ್ದದ್ದು ಇದೊಂದೇ.
ಈಗ ಗಿರಾಕಿಯ ಮುಖ ನೋಡಿ ಮಾರುತ್ತೇನೆ.
ಹುಬ್ಬೇರಿದರೆ ಊದು, ಕಣ್ಣು ಮುಚ್ಚಿದರೆ ಗುಲಾಬಿ.
ಲೋಬಾನಕ್ಕೆ ಮಾತ್ರ ಯಾರ ಮುಖವೂ ಬೇಡ,
ಹಸಿರು ಛಾಯೆಯ ಹಳಕು ಬೆಳಕಿಗೆ ಹಿಡಿದರೆ ಸಾಕು,
ಬೆಲೆ ತಾನೇ ಬಾಯಿಗೆ ಬರುತ್ತದೆ.

ಮಧ್ಯಾಹ್ನ ಶಟರ್ ಎಳೆದು
ಹಿಂಬದಿ ಗೋಡೆಗೆ ಒರಗುವ ಹೊತ್ತು.
ಖರ್ಜೂರದ ಡಬ್ಬದಿಂದ ಬಿರುಕಿನವರೆಗೆ
ಇರುವೆ ಸಾಲು. ಸಾಲಿನ ಅಂಚಿಗೆ ಅದು:
ಅಕ್ಕಿಕಾಳಿನಷ್ಟು ಜೇಡ. ಬಲೆಯಿಲ್ಲ.
ಕಣ್ಣೆಷ್ಟಿದ್ದೂ ಲೆಕ್ಕಕ್ಕಿಲ್ಲ.
ಮುಂಗಾಲೆರಡು ಎತ್ತಿ
ಇರುವೆ ಈಗಷ್ಟೇ ದಾಟಿದ ನೆಲ ಮುಟ್ಟುತ್ತದೆ,
ನಿಲ್ಲುತ್ತದೆ,
ಮತ್ತೆ ಮುಟ್ಟುತ್ತದೆ,
ಜವಳಿಯವನು ಸೆರಗಿನ ಅಂಚು ತಿಕ್ಕಿ ನೋಡುವ ಹಾಗೆ.

ಜೇಡ ಮೂಸುವುದು ಕಾಲಿನಿಂದಂತೆ,
ಐತಪ್ಪನ ಮಗಳು ಕಾಲೇಜಿನಲ್ಲಿ ಓದಿ ಹೇಳಿದ್ದು.
ರೋಮಕ್ಕೊಂದಿಷ್ಟು ತೂತು, ತೂತಿನೊಳಗೆ
ಇರುವೆಯ ಹೆಸರು.

ಕಚ್ಚಿದ್ದು ಒಮ್ಮೆ, ಕಾಲಿಗೆ. ಓಡಿ ದೂರ ನಿಂತಿತು,
ಬಡ್ಡಿಗೆ ಕೊಟ್ಟವನ ಸಾವಧಾನದಲ್ಲಿ.
ಇರುವೆ ಒಂದಿಷ್ಟು ನಡೆಯಿತು, ಕುಂಟಿತು,
ತನ್ನೊಳಗೆ ತಾನೇ ಮಡಿಸಿಕೊಂಡಿತು.
ಆಗ ವಾಸನೆ ಹಿಡಿದು ಬಂದು
ಎತ್ತಿಕೊಂಡಿತು.

ಆಮೇಲಿನದಕ್ಕೆ ನಾನು ಎದ್ದು ಕೂತೆ.
ದಾರಿಯಲ್ಲಿ ಇನ್ನೊಂದು ಇರುವೆ ಮೀಸೆ ಚಾಚಿ ತಡೆಯಿತು.
ಜೇಡ ಸತ್ತದ್ದನ್ನು ಮುಂದೆ ಹಿಡಿಯಿತು,
ಚೆಕ್‌ಪೋಸ್ಟಿನಲ್ಲಿ ನಾವು ಬತಾಕ ಹಿಡಿಯುವ ಹಾಗೆ.
ಇರುವೆ ಮೂಸಿತು. ಸರಿ, ನಮ್ಮವನೇ.
ಹೋಗು.

ನಾಲ್ಕು ಗಂಟೆ. ಮಣಿಕಟ್ಟಿಗೆ, ಕಿವಿಯ ಹಿಂದೆ
ಎರಡು ಹನಿ ಊದು,
ಅಸ್ಸಾಮಿನಲ್ಲಿ ಯಾವುದೋ ಮರ
ರೋಗ ಬಿದ್ದು ಬಿಟ್ಟ ಬೆವರು.
ಖಲ್ಫಾನರು ಬಂದು ನನ್ನ ಭುಜಕ್ಕೆ ಬಾಗಿ
"ತಮಾಮ್" ಅಂದರು.

ರಾತ್ರಿ ಊರಿಂದ ಬಂದ ಒಣಮೀನಿನ ಪೊಟ್ಟಣ.
ಬಿಚ್ಚಿದ್ದೇ ಐತಪ್ಪ ಮೂಗು ಮುಚ್ಚಿಕೊಂಡು ಕಿಟಕಿಗೆ ಓಡಿದ.
ಅವನು ಆಚೆ ತಿರುಗಿದಾಗ
ಚಪ್ಪಲಿ ಕಳಚಿ ಹೆಬ್ಬೆರಳನ್ನು
ಮೀನು ಸುತ್ತಿದ್ದ ಕಾಗದದ ಮೇಲಿಟ್ಟೆ.
ಏನಿಲ್ಲ. ಒಂದಿಷ್ಟು ಉಪ್ಪು, ತರಿತರಿ.
ಇನ್ನೂ ಸ್ವಲ್ಪ ಹೊತ್ತು ಇಟ್ಟೆ.