ಕಣ

"ಈ ಟ್ಯೂಬ್‌ಲೈಟಿನ್ಯಾಗ ಬಣ್ಣ ಸುಳ್ಳು ಹೇಳತೈತಿ,
ಹೊರಗ ತಾ" ಅಂದಳು ಶಾವಂತ್ರೆವ್ವ.

ಗುಳೇದಗುಡ್ಡದ ಪೇಟೆ. ಮಧ್ಯಾಹ್ನ ಮೂರು.
ಓಣಿಯ ತುದಿಗೆ ಕಾದು ನಿಂತ ಕೆಂಪುಗಲ್ಲಿನ ಗುಡ್ಡ.
ನನ್ನ ಎರಡೂ ಕೈಯಲ್ಲಿ ಹರವಿದ ಕುಪ್ಪಸದ ಕಣ,
ಗಲ್ಲಾಪೆಟ್ಟಿಗೆಯ ಹಿಂದೆ ಬೋರಲಿಟ್ಟ ಭೌತಶಾಸ್ತ್ರದ ಪುಸ್ತಕ.

ಈ ಬಿಸಿಲು ಸೂರ್ಯನನ್ನು ಬಿಟ್ಟು ಎಂಟು ನಿಮಿಷ, ಅವ್ವಾ.
ಆಗಿನ್ನೂ ನೀನು ಹಸಿರಿಗೆ ಚೌಕಾಸಿ ನಡೆಸಿದ್ದೆ,
ಕೆಂಪು ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಕೂತಿತ್ತು.
ಅದರ ಮೇಲೆ ಬೀಳಬೇಕಾದ ಬೆಳಕು
ಯಾರನ್ನೂ ಕೇಳದೆ ಹೊರಟುಬಿಟ್ಟಿತ್ತು.

"ಯಾವುದರ ಮ್ಯಾಲೆ ಬಂತು?"

ತೆರೆ ಏಳಲು ಬಾವಿಯಲ್ಲಿ ನೀರು ಬೇಕು.
ಒದರಿದ್ದನ್ನು ಹೊತ್ತು ತರಲು ಗಾಳಿ ಬೇಕು.
ನಡುವೆ ಅಷ್ಟು ದೂರ ಎರಡೂ ಇಲ್ಲ,
ಕುಂಡ್ರಲು ಒಂದು ಕಟ್ಟೆಯೂ ಇಲ್ಲ.

ಆಕೆಯ ಮನೆಯ ಕುಣಿಮಗ್ಗ ನೆನಪಾಯಿತು.
ಹಾಸಿಗೆ ಅಡ್ಡ ಹೊಕ್ಕು ಇರತದಲ್ಲ,
ಹಾಗೆ ವಿದ್ಯುತ್ತಿಗೆ ಅಡ್ಡ ಕಾಂತ.
ಇದು ಅಲುಗಿದರೆ ಅದು ಹುಟ್ಟತದ, ಅದು ಅಲುಗಿದರೆ ಇದು;
ಒಂದೇ ನೊಗದ ಎತ್ತುಗಳ ಹಾಗೆ
ಕೂಡಿ ಏಳತಾವ, ಕೂಡಿ ಇಳಿಯತಾವ.
ಬೆಳಕು ಮಾತ್ರ ಹಾಸಿನ ಹಾದಿ ಹಿಡಿಯೂದಿಲ್ಲ, ಹೊಕ್ಕಿನದೂ ಇಲ್ಲ,
ಬಟ್ಟೆಯಿಂದ ನೆಟ್ಟಗೆ ಎದ್ದು ನಿನ್ನ ಕಡೆ ಬರತದ.

"ನೂಲು?"
ನೂಲಿಲ್ಲ.
"ಮಗ್ಗ?"
ಅದೂ ಇಲ್ಲ. ಬರೀ ನೇಯ್ಗೆ.
ಪುಕ್ಕಟೆ ಕೊಡುತ್ತೇನೆ ಅಂದವನನ್ನು ನೋಡುವ ಹಾಗೆ
ಆಕೆ ನನ್ನನ್ನು ನೋಡಿದಳು.

ಇನ್ನೊಂದಿದೆ. ಅಲೆಯಾಗಿ ಬಂದದ್ದು
ಮುಟ್ಟುವ ಹೊತ್ತಿಗೆ ಕಣ.
ಪುಸ್ತಕದಲ್ಲೂ ಕಣ, ಅಂಗಡಿಯಲ್ಲೂ ಕಣ,
ಶಬ್ದ ಒಂದೇ, ನಾನು ಕಟ್ಟಿದ್ದಲ್ಲ.
ನಾವು ಅರ್ಧ ಕಣ ಹರಿದು ಕೊಡುವುದಿಲ್ಲ;
ಬೆಳಕಿನದೂ ಅದೇ ವ್ಯಾಪಾರ:
ತಗೊಂಡರೆ ಇಡೀ ತಗೋ, ಇಲ್ಲಂದ್ರ ಬಿಡು.
ನೀಲಿ ಕಣದಲ್ಲಿ ಕಸುವು ಜಾಸ್ತಿ, ಕೆಂಪಿನದರಲ್ಲಿ ಕಡಿಮೆ.

"ಹಂಗಾರ ಕೆಂಪಿಂದು ಇಪ್ಪತ್ತು ರೂಪಾಯಿ ಬಿಡು."

ಒಳಗಿಂದ ಸಾವುಕಾರ ಕೆಮ್ಮಿದ.
ನಾನು ಮಾತು ತಿರುಗಿಸಿದೆ: ಈ ಅರಿವೆ
ಬಿಸಿಲಿನ ಉಳಿದ ಬಣ್ಣ ಬಹಳಷ್ಟು ನುಂಗಿ
ಕೆಂಪಿಗೆ ಒಲ್ಲೆ ಅಂದಿತು.
ಅದು ಒಲ್ಲೆ ಅಂದದ್ದೇ ಈಗ ನಿನ್ನ ಕಣ್ಣಿಗೆ ಬಂತು.

ಶಾವಂತ್ರೆವ್ವ ಅಂಚಿನ ಮೇಲೆ ಹೆಬ್ಬೆರಳಾಡಿಸಿದಳು.
"ಒಲ್ಲೆ ಅಂದದ್ದು" ಅಂದಳು ಮೆಲ್ಲಗೆ,
ನನಗಲ್ಲ.

ಹತ್ತು ರೂಪಾಯಿಗೆ ಒಪ್ಪಂದವಾಯಿತು.
ಮಡಚಿ, ಕೈಚೀಲಕ್ಕೆ ಹಾಕಿ, ಬಾಯಿ ಬಿಗಿದು ಕೇಳಿದಳು,
"ಈಗ ಒಳಗ ಯಾವ ಬಣ್ಣ ಐತಿ?"

ಆ ಪಾಠ ಇನ್ನೂ ಆಗಿರಲಿಲ್ಲ.
ಆಗುವುದೂ ಅನುಮಾನ.

ಆಕೆ ಓಣಿ ತಿರುಗಿದಳು.
ಆಕೆ ಇಲ್ಲೇ ನಿಂತಿದ್ದಾಗ ಅಲ್ಲಿಂದ ಹೊರಟ ಬೆಳಕು
ಈಗ ಬಂದು
ಬರಿದಾದ ಹೊಸ್ತಿಲಗಲ್ಲಿನ ಮೇಲೆ ಬಿತ್ತು.