ಮುನ್ನೂರೈವತ್ತು ಪದ

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಗುರುವಾರ ಸಂಜೆ
ಏಳು ಜನ ನಾವು, ಮಡಚುವ ಕುರ್ಚಿಗಳು,
ಹೀಟರಿನ ಮೇಲೆ ಒಣಗಲಿಟ್ಟ ಕೈಗವಸು.
ನಿಮ್ಮದೊಂದು ನಂಬಿಕೆ ಬರೆದು ತನ್ನಿ, ಅಂದಳು ಮೇಡಂ ರೋಸಲಿಂಡ್,
ಮುನ್ನೂರೈವತ್ತು ಪದ, ಹೆಚ್ಚು ಬೇಡ.
ಪ್ರವಚನ ಬೇಡ. ಕೈಗೆ ತಾಗಿದ್ದು ಬರೆಯಿರಿ.

ನಾನು ಐಲಿ ಕೊಸ್ಕೆಲಾ. ಡುಲೂತಿನ ಉತ್ತರದ ರಸ್ತೆಗಳಲ್ಲಿ
ಇಪ್ಪತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು.
ಪೆನ್ನಿಗಿಂತ ಸ್ಟಿಯರಿಂಗ್ ಹಗುರ.

ಮೊದಲ ಹಾಳೆ: ನಾನು ದೇವರನ್ನು ನಂಬುತ್ತೇನೆ.
ಹೊಡೆದು ಹಾಕಿದೆ. ಅದು ಅಮ್ಮನ ವಾಕ್ಯ,
ಅವಳ ಕೋಟಿನಂತೆ ನನ್ನ ಭುಜಕ್ಕೆ ಸಡಿಲ.
ಎರಡನೆಯದು: ದುಡಿಮೆ. ಅದು ಗಣಿಗಿಳಿದ ಅಪ್ಪನದು,
ಬರೆದರೆ ಅವನ ಕೆಮ್ಮೂ ಜೊತೆಗೇ ಬರುತ್ತದೆ.
ಮೂರನೆಯ ಹಾಳೆಯಲ್ಲಿ ಕಾಫಿ ಲೋಟದ ಉಂಗುರ, ಅಷ್ಟೇ.

ಆಮೇಲೆ ಬರೆದೆ: ಬಾಗಿಲು ಮುಚ್ಚುವ ಮೊದಲು
ಹತ್ತರವರೆಗೆ ಎಣಿಸಬೇಕು ಎಂದು ನಂಬುತ್ತೇನೆ.
ಕೈ ಓಡಿತು.
ಒಂದೇ ಬೂಟಿನಲ್ಲಿ ಓಡಿಬಂದವರು,
ಬ್ರೆಡ್ಡು ಕಚ್ಚಿಕೊಂಡೇ ಮೆಟ್ಟಿಲು ಹತ್ತಿದವರು,
ನನ್ನ ಅಜ್ಜಿಯ ಭಾಷೆಯಲ್ಲಿ ನನ್ನ ಜೊತೆ ಎಣಿಸುವ ಹಿಂದಿನ ಸೀಟುಗಳು:
ಯುಕ್ಸಿ, ಕಕ್ಸಿ, ಕೊಲ್ಮೆ...
ಓದಿದರೆ ಚಂದವೇ ಇತ್ತು,
ಬಿಸ್ಕತ್ತಿನ ಡಬ್ಬದ ಮೇಲಿನ ಚಿತ್ರದ ಹಾಗೆ.

ಚಂದವಿದ್ದದ್ದಕ್ಕೇ ನಿದ್ದೆ ಬರಲಿಲ್ಲ.

ಎದ್ದು, ಅಡಿಗೆಮನೆಯ ದೀಪ ಹಾಕಿ ಬರೆದೆ:
ಫೆಬ್ರವರಿಯ ಒಂದು ಶುಕ್ರವಾರ, ಸೊನ್ನೆಗಿಂತ ಮೂವತ್ತು ಕೆಳಗೆ.
ಟ್ರೇಲರ್ ಮನೆಗಳ ತಿರುವು. ಎಣಿಸಿದೆ,
ಪೂರಾ ಹತ್ತು, ಮೋಸವಿಲ್ಲ.
ಗೇರು ಹಾಕಿದ ಮೇಲೆ ಕನ್ನಡಿಯಲ್ಲಿ
ಬೆಲಾಂಜರ್ ಮನೆಯ ಹುಡುಗ, ಟ್ರೆವರ್.
ಕೈ ಮೇಲೆತ್ತಿದ್ದ. ಬೀಸಲಿಲ್ಲ, ಬರೇ ಎತ್ತಿದ್ದ,
ತರಗತಿಯಲ್ಲಿ ಉತ್ತರ ಗೊತ್ತಿರುವವರ ಹಾಗೆ.
ಮುಂದೆ ಇನ್ನೂ ಹನ್ನೊಂದು ಸ್ಟಾಪು.
ನಾನು ಹೋದೆ.

ಸೋಮವಾರ ಆ ಮನೆ ಖಾಲಿ. ಎಲ್ಲಿಗೋ ಹೋದರಂತೆ,
ಬಾಡಿಗೆಯ ಜಗಳವಂತೆ,
ನನಗೂ ಅದಕ್ಕೂ ಸಂಬಂಧವೇ ಇಲ್ಲವಂತೆ.
ಜೂನ್ ತನಕ ಆ ತಿರುವಿನಲ್ಲಿ ನಿಲ್ಲಿಸಿದೆ, ಬಾಗಿಲು ತೆರೆದೆ.
ಹಿಮ ಒಳಗೆ ಬಂತು, ಆಮೇಲೆ ಸೊಳ್ಳೆ.
ಅಲ್ಲಿ ಮಾತ್ರ ಮಕ್ಕಳು ಎಣಿಸುತ್ತಿರಲಿಲ್ಲ.

ಓದಿ ಮುಗಿಸಿದೆ. ಯಾರೋ ಕುರ್ಚಿ ಸರಿಸಿದರು.
ಮೇಡಂ ಕೇಳಿದಳು, ಮೆಲ್ಲಗೆ:
ಹಾಗಾದರೆ ನಂಬಿಕೆ ಯಾವುದು, ಐಲಿ?
ಕೊನೆಯ ವಾಕ್ಯ ಕಾಣುತ್ತಿಲ್ಲವಲ್ಲ.
ಹಾಳೆ ತಿರುವಿ ನೋಡಿದೆ. ಇನ್ನೂರ ಹನ್ನೆರಡೇ ಪದ.
ಉಳಿದದ್ದು ಹಾಗೇ ಇರಲಿ, ಅಂದೆ,
ತೆರೆದೇ ಇರಲಿ,
ಸ್ವಲ್ಪ ಹೊತ್ತು.