ತಿದ್ದುಪಡಿಗೆ ಒಳಪಟ್ಟು

ಮಂಗಳೂರಿನಿಂದ ಬಂದ ಹುಡುಗ ಲ್ಯಾಪ್‌ಟಾಪ್ ಬಿಡಿಸಿ ಕೂತಿದ್ದಾನೆ
ಉಪ್ಪಳದ ನನ್ನ ಟೈಪಿಂಗ್ ಕ್ಲಾಸಿನ ಮೇಜಿನಲ್ಲಿ.
ಬೆಳ್ಚಪ್ಪಾಡರ ಅಂಕಪಟ್ಟಿ ಮಾಡಬೇಕಂತೆ ಅವನಿಗೆ:
ಹಾಜರಿ ನೂರಕ್ಕೆ ಎಂಬತ್ತೆಂಟು,
ಕೇಳಿದ ಪ್ರಶ್ನೆ ನಾನ್ನೂರ ಹನ್ನೊಂದು,
ಮಂಡಿಸಿದ ಖಾಸಗಿ ಮಸೂದೆ ಎರಡು, ಪಾಸಾದದ್ದು ಸೊನ್ನೆ.
ಅವರನ್ನೇ ಕೇಳೋಣವೆಂದರೆ ಬಾಯಾರಿನ ಮಗಳ ಮನೆಯಲ್ಲಿ
ಮಾತು ಬಿದ್ದು ಮಲಗಿದ್ದಾರೆ.
ಪಕ್ಷ ಮರೆತವರನ್ನು ಪಕ್ಷವಾತ ನೆನಪಿಟ್ಟುಕೊಂಡಿತು.
"ಬೇರೆ ಏನಾದರೂ ಉಂಟಾ ಟೀಚರ್?"

ಉಂಟು. ಅಟ್ಟದಲ್ಲಿ ಎರಡು ರಟ್ಟಿನ ಪೆಟ್ಟಿಗೆ,
ಒಂದಕ್ಕೆ ಗೆದ್ದಲು.
ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಹೊಡೆಯುವುದು:
'ಸಚಿವರು ದಯವಿಟ್ಟು ತಿಳಿಸುವರೇ' ಎಂದು ಸುರು,
ಆಮೇಲೆ ಅ, ಆ, ಇ.
ಹೌದಾದರೆ ವಿವರವೇನು, ಇಲ್ಲವಾದರೆ ಕಾರಣವೇನು.
ಇಡೀ ಊರಿನ ಬೈಗುಳವನ್ನು ಮೂರು ಅಕ್ಷರದೊಳಗೆ
ಮಡಚಿ ತುಂಬುವ ಕೆಲಸ.

ಹಳಿ ದಾಟುವಲ್ಲಿ ಮೇಲ್ಸೇತುವೆಯ ಪ್ರಸ್ತಾಪ ಇದೆಯೇ?
(ಅ) ಇಲ್ಲ. (ಆ) ಮತ್ತು (ಇ) ಪ್ರಶ್ನೆ ಉದ್ಭವಿಸುವುದಿಲ್ಲ.
ಅವತ್ತು ಅವರು ನಕ್ಕದ್ದು ಈಗಲೂ ಕೇಳುತ್ತದೆ:
"ಉದ್ಭವಮೂರ್ತಿಯಾ ಅದು, ತಾನಾಗಿ ಏಳಲಿಕ್ಕೆ?
ನಾನು ಕೇಳಿದ್ದಲ್ಲವಾ ಮಾರಾಯ್ತಿ!"

ಓಟಿನ ಲೆಕ್ಕ ನಿನಗೆ ಪೂರ್ತಿ ಸಿಗುವುದಿಲ್ಲ ಮಗಾ,
ಅದರ ಮುಕ್ಕಾಲು ಬರೀ ಬೊಬ್ಬೆ.
ಧ್ವನಿಮತ ಅನ್ನುತ್ತಾರೆ.
ಪರ ಇದ್ದವರು ಹೌದೆನ್ನಿ, ವಿರೋಧವಿದ್ದವರು ಇಲ್ಲವೆನ್ನಿ,
ಹೌದು ಗೆದ್ದಿತು, ಹೌದು ಗೆದ್ದಿತು.
ಶನಿವಾರ ರೈಲಿಳಿದು ಬರುವಾಗ ಗಂಟಲು ಕಟ್ಟಿರುತ್ತಿತ್ತು.
ಆ ಇಲ್ಲಗಳನ್ನು ಯಾರೂ ಬರೆದಿಟ್ಟಿಲ್ಲ.
ನಾನು ಒಳ್ಳೆಮೆಣಸಿನ ಕಷಾಯದಲ್ಲಿ ಅಳೆಯುತ್ತಿದ್ದೆ:
ಈ ವಾರ ಎರಡು ಲೋಟ, ಈ ವಾರ ನಾಲ್ಕು.

ಗುಂಡಿ ಒತ್ತುವ ಮತ ಅಪರೂಪ.
ಆಗಲೂ ಅಧ್ಯಕ್ಷರು ಹೇಳುವುದು
'ತಿದ್ದುಪಡಿಗೆ ಒಳಪಟ್ಟು ಫಲಿತಾಂಶ ಹೀಗಿದೆ'.
ಒಮ್ಮೆ ಇವರು ಕೆಂಪಿಗೆ ಹಸಿರು ಒತ್ತಿ
ಬೆವರಿ, ಚೀಟಿ ಬರೆದು ತಿದ್ದಿಸಿದ್ದರು.
ಇನ್ನೊಮ್ಮೆ, ಕಾರ್ಮಿಕರ ಮಸೂದೆಯ ದಿನ, ಅವರ ಜಾಗ ಖಾಲಿ.
ಬೀಗರ ಮನೆ ಮದುವೆ.
"ನಾನಿದ್ದರೂ ಸೋಲುವುದೇ" ಎಂದರು.
ಸೋಲುವುದು ಬೇರೆ, ಲೆಕ್ಕದಲ್ಲೇ ಇಲ್ಲದಿರುವುದು ಬೇರೆ
ಎಂದುಬಿಟ್ಟೆ ನಾನು, ರಿಬ್ಬನ್ ಬದಲಿಸುತ್ತಾ.
ಎರಡು ದಿನ ಏನೂ ಹೇಳಿ ಬರೆಸಲಿಲ್ಲ.

ಮೂರನೆಯ ದಿನ ಬರೆಸಿದ್ದು ಬೀಪಾತುಮ್ಮನ ಪ್ರಶ್ನೆ.
ಮೂವತ್ತೊಂದು ವರ್ಷ ಬೀಡಿ ಕಟ್ಟಿದವಳು.
ಕನ್ನಡದ ಕಾರ್ಡಿನಲ್ಲಿ ಬೀಪಾತುಮ್ಮ,
ಮಲಯಾಳದ ಕಾರ್ಡಿನಲ್ಲಿ ಬೀಫಾತಿಮ,
ಆಫೀಸಿನ ಇಂಗ್ಲಿಷಿನಲ್ಲಿ ಇನ್ಯಾರೋ.
ಮೂವರಿಗೂ ಪಿಎಫ್ ಸಿಗಲಿಲ್ಲ.
ಒಬ್ಬಳ ವಿಷಯ ಸದನದಲ್ಲಿ ಕೇಳುವ ಹಾಗಿಲ್ಲವಂತೆ,
ಬೆಳ್ಚಪ್ಪಾಡರು ಅವಳನ್ನು ಬಹುವಚನ ಮಾಡಿದರು:
'ಗಡಿಭಾಗದಲ್ಲಿ ಲಿಪಿವ್ಯತ್ಯಾಸದಿಂದ ಹಣ ತಡೆಹಿಡಿಯಲಾದವರು ಎಷ್ಟು?'
ಚುಕ್ಕೆ ಗುರುತು ಬೀಳಲಿಲ್ಲ.
ಚುಕ್ಕೆ ಬಿದ್ದಿದ್ದರೆ ಮಂತ್ರಿ ಎದ್ದು ನಿಲ್ಲಬೇಕು,
ಇಲ್ಲದಿದ್ದರೆ ಕಾಗದ ಸಾಕು.
ಕಾಗದ ಬಂತು: 'ಮಾಹಿತಿ ಸಂಗ್ರಹಿಸಲಾಗುತ್ತಿದೆ.
ಸದನದ ಮೇಜಿನ ಮೇಲೆ ಇಡಲಾಗುವುದು.'

ಅದನ್ನು ಅವಳಿಗೆ ಓದಿ ಹೇಳಿದ್ದು ನನ್ನ ತಪ್ಪು.
ಅಂದಿನಿಂದ ಶುಕ್ರವಾರ ಶುಕ್ರವಾರ ಬಾಗಿಲಲ್ಲಿ ನಿಲ್ಲುವಳು.
"ಮೇಶೆ ಮೇಲೆ ಇಟ್ಟರಾ ಟೀಚರೇ?"
ಇಲ್ಲ ಬೀಪಾತುಮ್ಮ.
"ಅಷ್ಟು ಎತ್ತರದ ಮೇಶೆಯಾ?"

ಬರೆದುಕೋ ಮಗಾ, ನನ್ನದೂ ಒಂದುಂಟು:
ಅವರು ನಿಂತ ಎರಡು ಸಲವೂ ನಾನು ಅವರಿಗೆ ಓಟು ಹಾಕಿದವಳಲ್ಲ.
ಹುಡುಗನ ಬೆರಳು ನಿಂತಿತು. "ಕಾರಣ?"
ಗುಟ್ಟಿನ ಮತ. ಆದರೂ,
ಈಗ ಯಾರಾದರೂ ಚೀಟಿ ಕೊಟ್ಟರೆ...

ಹೊರಗೆ ಬಿಸಿಲು. ಇವತ್ತು ಶುಕ್ರವಾರ,
ಚಪ್ಪಲಿ ಬಿಡುವ ಸದ್ದು.
ತಟ್ಟಂ ಸರಿಮಾಡಿಕೊಂಡು ಒಳಗೆ ಬಂದವಳು ನನ್ನನ್ನು ಕೇಳಲಿಲ್ಲ.
ಹುಡುಗನ ಮುಂದೆ ಹರಡಿದ್ದ ಕಾಗದ,
ಬೆಳಗುವ ಪರದೆ, ಕೆಳಗಿನ ಹಲಗೆ
ಎಲ್ಲ ನೋಡಿ, ಒಂದು ಬೆರಳಿಂದ ಮುಟ್ಟಿ
ಮೆಲ್ಲಗೆ ಹೇಳಿದಳು:
"ಸಣ್ಣದೇ ಉಂಟಲ್ಲ."